ಮೇಲಿನ ಮನೆಯ ಮೀಟರು, ಮೂರು ಮನೆಯ ಮೋಟರು: ಧಾರವಾಡದ ಒಂದು ಬಾಡಿಗೆ ತಕರಾರಿನ ಪ್ರಕರಣ ಅಧ್ಯಯನ

ಧಾರವಾಡದ ಸಪ್ತಾಪುರದಿಂದ ತುಸು ಆಚೆಗಿರುವ ಬಡಾವಣೆಯೊಂದರ ಬಾಡಿಗೆ ಮನೆಯಲ್ಲಿ 2024ರ ಆಗಸ್ಟ್‌ನಿಂದ 2025ರ ಏಪ್ರಿಲ್‌ವರೆಗೆ ಬೆಳೆದು ಬಗೆಹರಿದ ತಕರಾರು ಇದು. ತಕರಾರಿನ ವಿಷಯ ವಿದ್ಯುತ್ ಬಿಲ್ಲು. ಮೊತ್ತ ತಿಂಗಳಿಗೆ ಐದು ನೂರು ರೂಪಾಯಿಯ ಆಸುಪಾಸು. ವಕೀಲರ ನೋಟಿಸು ಕೊಡಿಸಲು ಹೊರಟರೆ ಅದರ ಶುಲ್ಕವೇ ಇದಕ್ಕಿಂತ ಹೆಚ್ಚಾಗುವ ಇಂಥ ವ್ಯಾಜ್ಯಗಳು ಕೋರ್ಟಿನ ಮೆಟ್ಟಿಲು ಹತ್ತುವುದು ಅಪರೂಪ. ಬಾಡಿಗೆದಾರ ಮನೆ ಖಾಲಿ ಮಾಡಿಕೊಂಡು ಹೋಗುತ್ತಾನೆ, ಮುಂದೆ ಬಂದವನು ಅದೇ ಬಿಲ್ಲನ್ನು ಕಟ್ಟುತ್ತಾನೆ. ಮಾಲಕರು ನನಗೆ ಹಳೆಯ ಪರಿಚಯದವರು, ಬಾಡಿಗೆದಾರರು ನನ್ನ ಸಹೋದ್ಯೋಗಿಯೊಬ್ಬರ ಸಂಬಂಧಿಕರು. ಇಬ್ಬರೂ ಒಪ್ಪಿ ನನ್ನನ್ನು ನಡುವೆ ಕೂಡಿಸಿದ್ದರಿಂದ ಬಿಲ್ಲು, ಕರಾರುಪತ್ರ, ವೈರಿಂಗ್ ಮೂರನ್ನೂ ಕಣ್ಣಾರೆ ನೋಡುವಂತಾಯಿತು. ಇಬ್ಬರ ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ.

ನೆಲಮಹಡಿಯಲ್ಲಿ ನಿವೃತ್ತ ಮಾಲಕರು ಮತ್ತು ಅವರ ಪತ್ನಿ ಇದ್ದಾರೆ. ಮಗನ ಕುಟುಂಬ ಪುಣೆಗೆ ಹೋದ ಮೇಲೆ, 2023ರಲ್ಲಿ, ಮಹಡಿಯ ಮೇಲೆ ಎರಡು ಮನೆಗಳನ್ನು ಕಟ್ಟಿಸಿ ಬಾಡಿಗೆಗೆ ಕೊಟ್ಟರು. ಒಂದರಲ್ಲಿ ಖಾಸಗಿ ಪಿಯು ಕಾಲೇಜಿನ ಉಪನ್ಯಾಸಕರೊಬ್ಬರು ಹೆಂಡತಿ ಮತ್ತು ಮಗಳೊಂದಿಗೆ ಇದ್ದರು. ಈ ಪ್ರಕರಣದ ಬಾಡಿಗೆದಾರರು ಅವರೇ. ಇನ್ನೊಂದರಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮೂವರು ಹುಡುಗರು ಇದ್ದರು. ಮೂರೂ ಮನೆಗಳಿಗೆ ಬೇರೆ ಬೇರೆ ಆರ್.ಆರ್. ನಂಬರುಗಳಿದ್ದು (ವಿದ್ಯುತ್ ಸಂಪರ್ಕದ ಗುರುತಿನ ಸಂಖ್ಯೆ), ಮೂರು ಮೀಟರುಗಳು ಮೆಟ್ಟಿಲಿನ ಕೆಳಗಿನ ಒಂದೇ ಬೋರ್ಡಿನ ಮೇಲೆ ಸಾಲಾಗಿ ಕೂತಿದ್ದವು. ಕುಡಿಯುವುದಕ್ಕೆ ನಳದ ನೀರು. ಅದು ದಿನ ಬಿಟ್ಟು ದಿನ ಬರುವುದೂ ಖಾತ್ರಿಯಿಲ್ಲದ ಕಾರಣ ಉಳಿದ ಬಳಕೆಗೆಲ್ಲ ಹಿತ್ತಲಿನ ಬೋರಿನ ನೀರು. ಒಂದೂವರೆ ಎಚ್‌ಪಿಯ ಸಬ್‌ಮರ್ಸಿಬಲ್ ಮೋಟರನ್ನು ಮಾಲಕರು ಮುಂಜಾನೆ ಒಂದು ತಾಸು, ಸಂಜೆ ಒಂದು ತಾಸು ಓಡಿಸಿ ಮಾಳಿಗೆಯ ಮೇಲಿನ ಟಾಕಿ ತುಂಬಿಸುತ್ತಿದ್ದರು.

ಬಾಡಿಗೆ 9,500 ರೂಪಾಯಿ, ಡಿಪಾಜಿಟ್ 50,000, ಕರಾರು 11 ತಿಂಗಳದ್ದು. ಇದಲ್ಲದೆ ನೀರಿಗೆ 300, ‘ಮೋಟರ್ ಕರೆಂಟ್’ ಎಂದು 150 ರೂಪಾಯಿ ಪ್ರತಿ ತಿಂಗಳು ಕೊಡಬೇಕೆಂಬ ಮಾತಾಗಿತ್ತು. ನೀರು ಮತ್ತು ಮೋಟರಿನ ಮಾತು ಬಾಯಿಮಾತಿನಲ್ಲೇ ಉಳಿದಿತ್ತು. ಬಾಂಡ್ ಪೇಪರಿನಲ್ಲಿ ಇದ್ದದ್ದು ಒಂದೇ ಸಾಲು: ಸದರಿ ಮನೆಯ ವಿದ್ಯುತ್ ಬಿಲ್ಲನ್ನು ಬಾಡಿಗೆದಾರರೇ ಭರಿಸತಕ್ಕದ್ದು.

ಮೇಲಿನ ಮನೆಗಳು ಹೊಸವಾದ್ದರಿಂದ ಅವುಗಳ ಮೀಟರಿಗೆ 2022–23ರ ಬಳಕೆಯ ದಾಖಲೆ ಇರಲಿಲ್ಲ. ರಾಜ್ಯ ಸರ್ಕಾರದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿ ಉಚಿತ ಯುನಿಟ್ ನಿಗದಿಯಾಗುವುದು ಆ ವರ್ಷದ ಸರಾಸರಿ ಬಳಕೆಗೆ ಶೇ. 10 ಸೇರಿಸಿ; ದಾಖಲೆ ಇಲ್ಲದ ಇಂಥ ಸಂಪರ್ಕಗಳಿಗೆ ರಾಜ್ಯದ ಸರಾಸರಿ 53 ಯುನಿಟ್‌ಗೆ ಶೇ. 10 ಸೇರಿಸಿ 58 ಯುನಿಟ್ ಉಚಿತವೆಂದು ನಿಗದಿಪಡಿಸಲಾಗಿದೆ. ಬಾಡಿಗೆದಾರರು ಕರಾರುಪತ್ರ ತೋರಿಸಿ ತಮ್ಮ ಆಧಾರ್ ಜೋಡಿಸಿಕೊಂಡಿದ್ದರು. ಅದಕ್ಕೆ ಮಾಲಕರು ಅಡ್ಡಿಪಡಿಸಿರಲಿಲ್ಲ ಎಂಬುದನ್ನು ಅವರ ಪರವಾಗಿ ಇಲ್ಲಿಯೇ ಹೇಳಿಬಿಡಬೇಕು. ಅರ್ಹ ಯುನಿಟ್‌ಗಿಂತ ಹೆಚ್ಚು ಬಳಸಿದರೆ ಹೆಚ್ಚುವರಿಗೆ ಮಾತ್ರ ಹಣ ಕಟ್ಟಬೇಕು, 200 ದಾಟಿದರೆ ಇಡೀ ಬಿಲ್ಲು ಕಟ್ಟಬೇಕು ಎಂಬುದು ಯೋಜನೆಯ ನಿಯಮ. ಈ ಎರಡು ಗೆರೆಗಳೇ ಮುಂದೆ ಜಗಳದ ಗೆರೆಗಳೂ ಆದವು.

ಮೊದಲ ತಿಂಗಳ ಬಿಲ್ಲಿನಲ್ಲಿ ಬಳಕೆ 139 ಯುನಿಟ್ ಎಂದಿತ್ತು, ಎರಡನೆಯದರಲ್ಲಿ 142. ಹುಬ್ಬಳ್ಳಿಯ ಹಳೆಯ ಮನೆಯಲ್ಲಿ ಇವೇ ಫ್ಯಾನು, ಇದೇ ಫ್ರಿಜ್ಜು, ಇದೇ ಟಿವಿಗೆ 60ರ ಆಚೀಚೆ ಬರುತ್ತಿತ್ತು. ಸ್ನಾನದ ನೀರಿಗೆ ಸೋಲಾರ್ ಇರುವ ಮನೆಯಲ್ಲಿ ಯುನಿಟ್ ಇಳಿಯಬೇಕಿತ್ತೇ ಹೊರತು ಏರಬಾರದಾಗಿತ್ತು. ಬಾಡಿಗೆದಾರರು ಮೀಟರನ್ನೇ ಸಂಶಯಿಸಿದರು, ಇಂಥ ಸಂದರ್ಭದಲ್ಲಿ ಎಲ್ಲರೂ ಮಾಡುವುದು ಅದನ್ನೇ. ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಿದಾಗ ಮೀಟರ್ ಸರಿಯಾಗಿದೆ ಎಂಬ ಉತ್ತರ ಬಂತು. ಆ ಉತ್ತರವೂ ಸರಿಯಾಗಿಯೇ ಇತ್ತು. ಮೀಟರ್ ತನ್ನ ಮೂಲಕ ಹರಿದದ್ದನ್ನು ಎಣಿಸುತ್ತದೆ. ಹರಿದದ್ದು ಯಾರ ಮನೆಗೆ ಎಂದು ಕೇಳುವುದಿಲ್ಲ. ಮೀಟರಿನ ಆಚೆಗಿನ ವೈರಿಂಗ್ ವಿದ್ಯುತ್ ಪೂರೈಸುವ ಕಂಪನಿಯಾದ ಹೆಸ್ಕಾಂನ ಹೊಣೆಯೂ ಅಲ್ಲ.

ದೀಪಾವಳಿಗೆ ಅವರು ರೋಣದ ಕಡೆಯ ತಮ್ಮ ಊರಿಗೆ ಹೋದರು. ಹೊರಡುವಾಗ ಫ್ರಿಜ್ಜು ಖಾಲಿ ಮಾಡಿ ಮೇನ್ ಸ್ವಿಚ್ ಇಳಿಸಿ, ಅಭ್ಯಾಸಬಲದಿಂದ ಮೀಟರಿನ ಫೋಟೊ ತೆಗೆದುಕೊಂಡಿದ್ದರು. ಹತ್ತು ಹನ್ನೆರಡು ದಿನ ಬಿಟ್ಟು ಬಂದು ನೋಡಿದರೆ ಬೀಗ ಹಾಕಿದ ಮನೆ ಮೂವತ್ತು ಯುನಿಟ್ ತಿಂದಿತ್ತು. ಆ ಎರಡು ಫೋಟೊಗಳೇ ಇಡೀ ಪ್ರಕರಣದ ಅತ್ಯಂತ ಗಟ್ಟಿ ಸಾಕ್ಷಿಯಾದವು. ತಿಂಗಳ ಬಿಲ್ಲುಗಳನ್ನು ಎಷ್ಟು ಹರಡಿಟ್ಟರೂ ‘ನೀವು ಎಸಿ ಹಾಕಿರಬೇಕು, ಗೀಜರ್ ಹಾಕಿರಬೇಕು’ ಎಂಬ ಮಾತಿಗೆ ಜಾಗ ಇದ್ದೇ ಇರುತ್ತದೆ.

ನಾನು ಹೋದ ದಿನ ಮಾಡಿದ ಪರೀಕ್ಷೆ ಸರಳವಾದದ್ದು. ಎಲೆಕ್ಟ್ರಾನಿಕ್ ಮೀಟರಿನ ಮುಖದ ಮೇಲೆ ಒಂದು ಸಣ್ಣ ಕೆಂಪು ದೀಪ ಮಿನುಗುತ್ತಿರುತ್ತದೆ. ಎಷ್ಟು ಮಿನುಗಿಗೆ ಒಂದು ಯುನಿಟ್ ಎಂಬುದನ್ನು ಅದರ ಪಕ್ಕದಲ್ಲೇ ಅಚ್ಚುಹಾಕಿರುತ್ತಾರೆ. ಈ ಮೀಟರಿನ ಮೇಲೆ 3200 ಎಂದಿತ್ತು. ಮೇಲಿನ ಮನೆಯ ಮೇನ್ ಇಳಿಸಿದೆವು. ದೀಪ ನಿಂತಿತು. ಮಾಲಕರ ಪತ್ನಿಗೆ ಹೇಳಿ ಬೋರಿನ ಸ್ಟಾರ್ಟರ್ ಒತ್ತಿಸಿದೆವು. ಹಿತ್ತಲಿನ ಪೈಪಿನಲ್ಲಿ ಗಾಳಿ ಗುಳುಗುಳು ಎಂದು ನೀರು ಏರುವಷ್ಟರಲ್ಲಿ, ಮೇನ್ ಇಳಿಸಿದ ಮನೆಯ ಮೀಟರಿನ ಕೆಂಪು ದೀಪ ಸೆಕೆಂಡಿಗೊಂದಕ್ಕಿಂತ ಜೋರಾಗಿ ಮಿನುಗತೊಡಗಿತು. ಗಡಿಯಾರ ಹಿಡಿದು ಎಣಿಸಿದರೆ ನಿಮಿಷಕ್ಕೆ 72. ತಾಸಿಗೆ 4,320 ಮಿನುಗು, ಎಂದರೆ 1.35 ಯುನಿಟ್. ದಿನಕ್ಕೆ ಎರಡು ತಾಸಿನಂತೆ ತಿಂಗಳಿಗೆ 81. ಬಾಡಿಗೆದಾರರ ಹಳೆಯ ಮನೆಯ 60ಕ್ಕೆ ಈ 81 ಕೂಡಿಸಿದರೆ 141. ಬಿಲ್ಲಿನಲ್ಲಿ ಬರುತ್ತಿದ್ದುದೂ ಅಷ್ಟೇ. ಮಾಲಕರು ಕನ್ನಡಕ ಹಾಕಿಕೊಂಡು ಬಂದು ತಾವೂ ಒಮ್ಮೆ ಎಣಿಸಿದರು, ಏನೂ ಮಾತಾಡಲಿಲ್ಲ.

ಆಮೇಲೆ ಬೋರ್ಡು ಬಿಚ್ಚಿಸಿ ನೋಡಿದಾಗ ಕಂಡದ್ದು ಇಷ್ಟು. 2023ರಲ್ಲಿ ಮಹಡಿ ಕಟ್ಟುವಾಗ ಹಳೆಯ ಮೀಟರ್ ಬೋರ್ಡನ್ನು ಮೆಟ್ಟಿಲಿನ ಕೆಳಕ್ಕೆ ಸರಿಸಿದ್ದರು. ಮೋಟರಿನ ವೈರನ್ನು ಮಾಲಕರ ಮೀಟರಿನವರೆಗೆ ಎಳೆಯುವಷ್ಟು ಉದ್ದ ಸಾಲದೆ, ಹತ್ತಿರ ಇದ್ದ ಮೇಲಿನ ಮನೆಯ ಮೀಟರಿನಿಂದ ಹೊರಡುವ ವೈರಿಗೆ ಜೋಡಿಸಿ ಟೇಪು ಸುತ್ತಿದ್ದರು. ಜೋಡಣೆ ಮೀಟರಿಗೂ ಮನೆಯ ಮೇನ್ ಸ್ವಿಚ್ಚಿಗೂ ನಡುವೆ ಇದ್ದುದರಿಂದ ಮೇನ್ ಇಳಿಸಿದರೂ ಮೋಟರ್ ಓಡುತ್ತಿತ್ತು. ಇದು ಮಾಲಕರಿಗೆ ಮೊದಲಿನಿಂದ ಗೊತ್ತಿತ್ತೋ ಇಲ್ಲವೋ ಎಂಬುದರ ಬಗ್ಗೆ ಇಬ್ಬರ ನಡುವೆ ಕೊನೆಯವರೆಗೂ ಒಮ್ಮತ ಆಗಲಿಲ್ಲ. ವೈರಿಂಗಿನವನ ಸೋಮಾರಿತನವೇ ಮೂಲ ಎಂದು ನನ್ನ ಅಭಿಪ್ರಾಯ. ಮೋಸ ಮಾಡಲು ಹೊರಟವರು ಅಳತೆ ಸಾಲದ ವೈರಿಗೆ ಅಷ್ಟು ಬೇಕಾಬಿಟ್ಟಿ ಟೇಪು ಸುತ್ತಿಸುವುದಿಲ್ಲ. ಆದರೆ ನವೆಂಬರಿನಲ್ಲಿ ಬಾಡಿಗೆದಾರರು ಫೋಟೊ ತೋರಿಸಿದ ಮೇಲೂ ಮಾಲಕರು ಮಾರ್ಚಿನವರೆಗೆ ಅಲುಗಾಡಲಿಲ್ಲ. ಅಲ್ಲಿಂದ ಮುಂದಿನದಕ್ಕೆ ‘ಗೊತ್ತಿರಲಿಲ್ಲ’ ಎಂಬ ಸಮಜಾಯಿಷಿ ಒಪ್ಪುವುದು ಕಷ್ಟ. ತಮ್ಮ ಬಿಲ್ಲು ತಿಂಗಳು ತಿಂಗಳೂ ಸೊನ್ನೆ ಬರುತ್ತಿರುವಾಗ, ಯಾವ ಮೋಟರಿನ ಕರೆಂಟಿಗೆಂದು ಮೇಲಿನ ಎರಡು ಮನೆಗಳಿಂದ 150ರಂತೆ 300 ರೂಪಾಯಿ ವಸೂಲಾಗುತ್ತಿದೆ ಎಂಬ ಪ್ರಶ್ನೆಯನ್ನು ಅವರು ತಮಗೇ ಕೇಳಿಕೊಳ್ಳಬೇಕಿತ್ತು.

ಆ ತಿಂಗಳುಗಳಲ್ಲಿ ಮಾಲಕರ ವಾದ ಕರಾರಿನ ಆ ಒಂದು ಸಾಲಿನ ಮೇಲೆಯೇ ನಿಂತಿತ್ತು. “ಬಿಲ್ ನಿಮ್ಮ ಮೀಟರಿಗೆ ಬಂದೈತಿ, ಬಾಂಡ್ ಮ್ಯಾಲೆ ನೀವು ಸಹಿ ಮಾಡೀರಿ, ಇನ್ನೇನ್ ಹೇಳೂದೈತ್ರಿ ಸರ? ಅಡ್ಜಸ್ಟ್ ಆಗಂಗಿಲ್ಲಂದ್ರ ಬ್ಯಾರೆ ಮನಿ ನೋಡ್ಕೋರಿ.” ಬಾಡಿಗೆದಾರರು ವಯಸ್ಸಿಗೆ ಗೌರವ ಕೊಟ್ಟು “ನೀರು ನಾವೂ ಬಳಸ್ತೀವ್ರಿ ಕಾಕಾ, ನಮ್ಮ ಪಾಲು ಕೊಡಾಕ ತಯಾರದೀವಿ, ಎಲ್ಲಾರ ಪಾಲೂ ನಮ್ಮ ತಲಿ ಮ್ಯಾಲೆ ಯಾಕ?” ಎನ್ನುತ್ತಿದ್ದರು. 2025ರ ಮಾರ್ಚಿನಲ್ಲಿ ಇದು ಮಾತಿನ ಹದ ಮೀರಿತು. ಬೇಸಿಗೆಗೆ ಬೋರಿನ ನೀರು ಇಳಿದು, ಅದೇ ಟಾಕಿ ತುಂಬಲು ಮೋಟರ್ ಹೆಚ್ಚು ಹೊತ್ತು ಓಡಬೇಕಾಗಿ, ಅದೊಂದೇ 110 ಯುನಿಟ್‌ನ ಸುಮಾರಿಗೆ ಎಳೆಯಿತು. ಕೂಲರ್ ಹಚ್ಚಿದ್ದ ಬಾಡಿಗೆದಾರರ ಸ್ವಂತ ಬಳಕೆ 94. ಒಟ್ಟು 204. ನಾಲ್ಕು ಯುನಿಟ್‌ನ ಸಲುವಾಗಿ ಗೃಹಜ್ಯೋತಿಯ ರಿಯಾಯಿತಿ ಆ ತಿಂಗಳ ಮಟ್ಟಿಗೆ ಪೂರ್ತಿ ಕೈಬಿಟ್ಟು, ಬಿಲ್ಲು ಒಂದೂವರೆ ಸಾವಿರ ದಾಟಿತು.

ಬಾಡಿಗೆದಾರರಿಗೆ ಆಗ ಬಂದ ಮೊದಲ ಯೋಚನೆ ಬಿಲ್ಲು ಕಟ್ಟದೇ ಬಿಡುವುದು. ಅದು ಬೇಡವೆಂದು ನಾನು ಒತ್ತಾಯಿಸಿದೆ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 56ನೇ ಕಲಮಿನ ಪ್ರಕಾರ ಬಾಕಿ ಉಳಿಸಿಕೊಂಡರೆ 15 ದಿನಗಳ ನೋಟಿಸು ಕೊಟ್ಟು ಸಂಪರ್ಕ ಕಡಿಯಲು ಕಂಪನಿಗೆ ಅಧಿಕಾರವಿದೆ. ಕಂಪನಿಯೊಂದಿಗೆ ಇವರಿಗೆ ತಕರಾರೇ ಇಲ್ಲದಿರುವಾಗ ಕತ್ತಲೆಯಲ್ಲಿ ಕೂಡುವವರು ಇವರೇ. ಹೆಸ್ಕಾಂನ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ ಹೋಗುವ ಮಾತೂ ಬಂತು. ಆ ವೇದಿಕೆ ಇರುವುದು ವಿದ್ಯುತ್ ಕಂಪನಿಯ ವಿರುದ್ಧದ ದೂರುಗಳಿಗೆ. ಮಾಲಕ–ಬಾಡಿಗೆದಾರರ ಲೆಕ್ಕ ಅದರ ಮುಂದೆ ನಿಲ್ಲುವುದಿಲ್ಲ. ಕರ್ನಾಟಕ ಬಾಡಿಗೆ ಕಾಯ್ದೆ, 1999ರ ರಕ್ಷಣೆಯೂ ಇಲ್ಲಿ ಒದಗುವಂತಿರಲಿಲ್ಲ. ಅದರ ಮೊದಲ ಅನುಸೂಚಿಯ ದೊಡ್ಡ ಊರುಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ, ಉಳಿದೆಡೆ 2,000 ದಾಟಿದ ಮನೆಗಳು ಕಾಯ್ದೆಯ ಹೊರಗೆ ಉಳಿಯುತ್ತವೆ. ಇಪ್ಪತ್ತೈದು ವರ್ಷಗಳ ಹಿಂದಿನ ಬಾಡಿಗೆಗೆ ತಕ್ಕಂತೆ ಇಟ್ಟ ಈ ಮಿತಿಯಿಂದಾಗಿ ಇಂದು ಧಾರವಾಡದಲ್ಲಿ ಒಂದು ಕೋಣೆ, ಅಡುಗೆಮನೆ ಹಿಡಿದವನಿಗೂ ಆ ಕಾಯ್ದೆ ದಕ್ಕುವುದು ಕಷ್ಟ.

ನಿಜವಾಗಿ ಅನ್ವಯವಾಗುವಂಥದ್ದು ಹಳೆಯ ಕಾನೂನುಗಳಲ್ಲೇ ಇತ್ತು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮು, ತನಗೆ ಗೊತ್ತಿರುವ, ಬಾಡಿಗೆಗೆ ಬರುವವನು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದ ಮುಖ್ಯ ದೋಷವನ್ನು ಮಾಲಕ ಮೊದಲೇ ತಿಳಿಸಬೇಕೆನ್ನುತ್ತದೆ. ಬೋರ್ಡಿನೊಳಗಿನ ಜೋಡಣೆ ಅಂಥ ದೋಷವೇ, ಮಾಲಕರಿಗೆ ಅದು ಗೊತ್ತಿತ್ತೆಂದು ತೋರಿಸಲು ಸಾಧ್ಯವಾದರೆ. ಗೊತ್ತಿರಲಿಲ್ಲ ಎಂದೇ ಇಟ್ಟುಕೊಂಡರೂ 1872ರ ಕರಾರು ಕಾಯ್ದೆಯ 70ನೇ ಕಲಮು ಉಳಿಯುತ್ತದೆ: ಪುಕ್ಕಟೆ ಕೊಡುವ ಉದ್ದೇಶವಿಲ್ಲದೆ ಒಬ್ಬನು ಒದಗಿಸಿದ್ದರ ಪ್ರಯೋಜನವನ್ನು ಇನ್ನೊಬ್ಬನು ಉಂಡರೆ, ಉಂಡವನು ಅದರ ಬೆಲೆ ತುಂಬಿಕೊಡಬೇಕು. ಕರಾರುಪತ್ರದ ಸಾಲಿನಲ್ಲೂ ‘ಸದರಿ ಮನೆಯ’ ಎಂಬ ಎರಡು ಪದಗಳಿದ್ದವು. ಮೂರು ಮನೆಗಳ ಟಾಕಿ ತುಂಬಿಸುವ ಮೋಟರು ‘ಸದರಿ ಮನೆಯ’ ಬಳಕೆ ಹೇಗಾದೀತು? ಇದನ್ನು ಓದಿ ತೋರಿಸಿದಾಗ ಮಾಲಕರು ಮೊದಲ ಸಲ ಸ್ವಲ್ಪ ಮೆತ್ತಗಾದರು.

ಇನ್ನೊಂದು ಅಸ್ತ್ರವೂ ಇತ್ತು. ಯಾವ ಜಾಗಕ್ಕೆಂದು ವಿದ್ಯುತ್ ಮಂಜೂರಾಗಿದೆಯೋ ಅದರಾಚೆ ಬಳಸಿದರೆ ವಿದ್ಯುಚ್ಛಕ್ತಿ ಕಾಯ್ದೆಯ 126ನೇ ಕಲಮಿನಡಿ ಅನಧಿಕೃತ ಬಳಕೆ ಎಂದು ದರದ ಎರಡು ಪಟ್ಟು ವಿಧಿಸಬಹುದು. ಬಾಡಿಗೆದಾರರ ಗೆಳೆಯರೊಬ್ಬರು ಇದನ್ನೇ ಮುಂದಿಟ್ಟು ಮಾಲಕರನ್ನು ಹೆದರಿಸಲು ಸಲಹೆ ಕೊಟ್ಟಿದ್ದರು. ಆದರೆ ಆ ಮೀಟರಿನಿಂದ ವಿದ್ಯುತ್ ಪಡೆಯುತ್ತ, ಆ ಮನೆಯಲ್ಲಿ ವಾಸವಾಗಿ, ಅದರ ಬಿಲ್ಲು ಕಟ್ಟುತ್ತಿರುವವರು ಬಾಡಿಗೆದಾರರೇ. ತಪಾಸಣೆಗೆ ಬಂದವರು ಮೊದಲು ಬಾಗಿಲು ಬಡಿಯುವುದು ಯಾರದೆಂದು ಕೇಳಿದ ಮೇಲೆ ಆ ಸಲಹೆ ಅಲ್ಲಿಗೇ ಬಿತ್ತು.

ತಕರಾರನ್ನು ಬಿಡಿಸಿದ್ದು ಕೊನೆಗೆ ಮಾಲಕರ ಸ್ವಂತ ಬಿಲ್ಲು. ಅವರ ಗೃಹಜ್ಯೋತಿ ಅರ್ಹತೆ ನಿಗದಿಯಾದದ್ದು 2022–23ರ ಸರಾಸರಿಯ ಮೇಲೆ. ಆ ವರ್ಷ ಮಗನ ಸಂಸಾರ ಇದೇ ಮನೆಯಲ್ಲಿತ್ತು, ಬೋರಿನ ಮೋಟರೂ ಅವರ ಮೀಟರಿನ ಮೇಲೆಯೇ ಓಡುತ್ತಿತ್ತು. ಸರಾಸರಿ 142 ಯುನಿಟ್, ಶೇ. 10 ಸೇರಿ ಅರ್ಹತೆ 156. ಈಗ ಇಬ್ಬರೇ ಇರುವ ಮನೆಯಲ್ಲಿ ಬಳಕೆ 65. ಎಂದರೆ ತಿಂಗಳಿಗೆ 91 ಯುನಿಟ್‌ನಷ್ಟು ಅರ್ಹತೆ ಬಳಕೆಯಾಗದೆ ಉಳಿಯುತ್ತಿತ್ತು. ಮೋಟರಿನ 81 ಯುನಿಟ್‌ಗಳನ್ನು ಅವು ಮೊದಲು ಇದ್ದ ಮೀಟರಿಗೇ ಮರಳಿಸಿದರೆ ಒಟ್ಟು 146. ಮಾಲಕರ ಬಿಲ್ಲು ಆಗಲೂ ಸೊನ್ನೆ. ಅತ್ತ ಬಾಡಿಗೆದಾರರು 58ರ ಮೇಲಿನ 83 ಯುನಿಟ್‌ಗೆ, ಆ ವರ್ಷದ ದರ 5 ರೂ. 90 ಪೈಸೆ ಮತ್ತು ಶೇ. 9 ತೆರಿಗೆ ಸೇರಿ ಕಟ್ಟುತ್ತಿದ್ದ ಸುಮಾರು 534 ರೂಪಾಯಿ ಹದಿಮೂರು ರೂಪಾಯಿಗೆ ಇಳಿಯುತ್ತದೆ. ಎಂಟು ತಿಂಗಳು ಎರಡು ಮನೆಗಳು ಮುಖ ನೋಡದಂತೆ ಮಾಡಿದ ಹಣ ಯಾರ ಜೇಬಿನಿಂದಲೂ ಹೋಗಬೇಕಾದ ಅಗತ್ಯವೇ ಇರಲಿಲ್ಲ. ಕಾಗದದ ಮೇಲೆ ಈ ಲೆಕ್ಕ ಬರೆದಿಟ್ಟಾಗ ಮಾಲಕರ ಪತ್ನಿಯೇ ಮೊದಲು ಬಾಯಿಬಿಟ್ಟರು: “ಹಂಗಾರ ಇಷ್ಟ ದಿನ ಯಾಕ ಬಡದಾಡಿದ್ರಿ?”

ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನನ್ನು ಕರೆಸಿ, ಹೊಸ ವೈರು ಎಳೆಸಿ, ಮೋಟರಿಗೆ ಪ್ರತ್ಯೇಕ ಎಂಸಿಬಿ ಸ್ವಿಚ್ಚು ಹಾಕಿಸಿ ಮಾಲಕರ ಮೀಟರಿಗೆ ಜೋಡಿಸಿದ್ದು ಏಪ್ರಿಲ್ ಮೊದಲ ವಾರದಲ್ಲಿ. ಅದರ ಖರ್ಚನ್ನು ಮಾಲಕರು ಚಕಾರವೆತ್ತದೆ ಕೊಟ್ಟರು. ಚರ್ಚೆ ಬೆಳೆದದ್ದು ಹಿಂದಿನ ಎಂಟು ತಿಂಗಳ ಬಾಕಿಯ ಮೇಲೆ. ಮೋಟರಿನ ಪಾಲೆಂದು ಲೆಕ್ಕಕ್ಕೆ ಸಿಕ್ಕಿದ್ದು ಸುಮಾರು 5,000 ರೂಪಾಯಿ. ಇದಲ್ಲದೆ ‘ಮೋಟರ್ ಕರೆಂಟ್’ ಎಂದು ಬಾಡಿಗೆದಾರರು ಕೊಟ್ಟದ್ದು 1,200. ನೀರನ್ನು ಅವರೂ ಬಳಸಿದ್ದರಿಂದ ಮೂರರಲ್ಲಿ ಒಂದು ಪಾಲು ಅವರದೇ ಎಂದು ಮಾಲಕರು ಹೇಳಿದ್ದರಲ್ಲಿ ಹುರುಳಿತ್ತು. ಆದರೆ ಆ ಪಾಲಿನ ಹೆಸರಿನಲ್ಲಿಯೇ 1,200 ರೂಪಾಯಿ ಅವರ ಕೈ ಸೇರಿತ್ತಲ್ಲ? ನನ್ನ ಲೆಕ್ಕದಲ್ಲಿ ಆ 1,200ನ್ನು ಬಾಡಿಗೆದಾರರ ಪಾಲೆಂದು ಇಟ್ಟುಕೊಂಡು 5,000ವನ್ನು ಪೂರ್ತಿ ಮರಳಿಸುವುದು ನ್ಯಾಯವಾಗಿತ್ತು. ಮಾಲಕರು ಒಪ್ಪಿದ್ದು 5,000ದ ಮೂರರಲ್ಲಿ ಎರಡು ಪಾಲು ಮತ್ತು 1,200ನ್ನು ಮರಳಿಸಲು; ಅದು 4,533 ಆಗುತ್ತದೆ, ಮಾತು ನಿಂತದ್ದು 4,500ಕ್ಕೆ. ತಿಂಗಳಿಗೆ 1,500ರಂತೆ ಮೂರು ತಿಂಗಳ ಬಾಡಿಗೆಯಲ್ಲಿ ಮುರಿದುಕೊಳ್ಳುವುದೆಂದಾಯಿತು. ಐದು ನೂರು ಬಿಟ್ಟುಕೊಡುವುದಕ್ಕೆ ಬಾಡಿಗೆದಾರರಿಗೆ ಕಾರಣವಿತ್ತು: ಮಗಳ ಶಾಲೆ ನಡೆದು ಹೋಗುವಷ್ಟು ಹತ್ತಿರ, ಇನ್ನೊಂದು ಮನೆ ಹುಡುಕಿ ಸಾಮಾನು ಸಾಗಿಸುವ ಖರ್ಚು ಅದಕ್ಕಿಂತ ಎಷ್ಟೋ ಹೆಚ್ಚು.

ಜೂನ್ ಕೊನೆಗೆ ಮುಗಿಯಬೇಕಿದ್ದ ಕರಾರನ್ನು ಆಗಲೇ ಹೊಸದಾಗಿ ಬರೆಸಲಾಯಿತು. ಮೋಟರು, ಮೆಟ್ಟಿಲಿನ ದೀಪ, ಗೇಟಿನ ದೀಪ ಇವು ನೆಲಮಹಡಿಯ ಮೀಟರಿನ ಮೇಲಿರತಕ್ಕದ್ದು ಎಂದು ಆರ್.ಆರ್. ನಂಬರಿನ ಸಮೇತ ಅದರಲ್ಲಿ ನಮೂದಾಯಿತು. ಬೇಸಿಗೆಯಲ್ಲಿ ಆ ಮೀಟರಿನ ಬಳಕೆ ಅರ್ಹತೆಯನ್ನು ದಾಟಿದರೆ, ಬಿಲ್ಲು ತೋರಿಸಿ ಹೆಚ್ಚುವರಿ ಮೊತ್ತವನ್ನು ಮಾತ್ರ ಮೂರು ಮನೆಗಳಿಗೆ ಸಮನಾಗಿ ಹಂಚುವುದೆಂದಾಯಿತು. ತಿಂಗಳ 150 ನಿಂತಿತು. ಮೋಟರ್ ಸುಟ್ಟರೆ ರಿವೈಂಡಿಂಗ್ ಯಾರು ಮಾಡಿಸಬೇಕು ಎಂದು ಮಾಲಕರು ಎತ್ತಿದ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲವಾದ್ದರಿಂದ, ನಿರ್ವಹಣೆಗೆಂದು ತಿಂಗಳಿಗೆ 75 ರೂಪಾಯಿ ಕೊಡಲು ಬಾಡಿಗೆದಾರರು ಒಪ್ಪಿದರು.

ಪಕ್ಕದ ಮನೆಯ ಹುಡುಗರ ಲೆಕ್ಕ ಮಾತ್ರ ಹಾಗೆಯೇ ಉಳಿಯಿತು. ಅವರ ಮೀಟರಿನಲ್ಲಿ ದೋಷವಿರಲಿಲ್ಲ, ಆದರೆ ಇಲ್ಲದ ಖರ್ಚಿಗೆ ತಿಂಗಳು ತಿಂಗಳೂ 150 ಕೊಟ್ಟವರಲ್ಲಿ ಅವರೂ ಇದ್ದರು. ಕೇಳಿದರೆ ಕೊಡುತ್ತೇನೆ ಎಂದು ಮಾಲಕರು ನನ್ನೆದುರು ಹೇಳಿದ್ದಾರೆ. ಪರೀಕ್ಷೆ ಹತ್ತಿರವಿದೆ, ಆಮೇಲೆ ನೋಡೋಣ ಎಂದು ಹುಡುಗರು ಇನ್ನೂ ಕೇಳಿಲ್ಲ.